ಹಾಲುಹಲ್ಲು ಬೀಳದ ಮೀನು

ನಮಗೆ ಕನ್ನಡ ಕಲಿಸಿದ ಟೀಚರ್‌ಗಳಿಗೆ, ಮತ್ತು ಪ್ರತಿ ಶನಿವಾರ ಹಿಮದಲ್ಲಿ ನಮ್ಮನ್ನು ಇಲ್ಲಿಗೆ ಕರೆತಂದು, ತರಗತಿ ಮುಗಿಯುವ ತನಕ ಹೊರಗೆ ಕಾಫಿ ಕುಡಿಯುತ್ತಾ ಕಾಯ್ದ ಅಪ್ಪ ಅಮ್ಮಂದಿರಿಗೆ ವಿಶೇಷ ನಮಸ್ಕಾರ.

ಈ ವರ್ಷ ಶಾಲೆ ಮುಗಿಸುತ್ತಿರುವ ಎಲ್ಲರೂ ತಮಗೆ ಇಷ್ಟವಾದ ಒಂದು ವಿಷಯದ ಮೇಲೆ ಕನ್ನಡದಲ್ಲಿ ಇಪ್ಪತ್ತು ನಿಮಿಷ ಮಾತಾಡಬೇಕು ಎಂದು ಟೀಚರ್ ಹೇಳಿದಾಗ ಒಬ್ಬರು ಹಂಪಿ ತೆಗೆದುಕೊಂಡರು, ಒಬ್ಬರು ಯಕ್ಷಗಾನ ತೆಗೆದುಕೊಂಡರು. ನಾನು ಸತ್ತುಹೋದ ಒಂದು ಮೀನಿನ ಬಗ್ಗೆ ಮಾತಾಡಲೇ ಎಂದು ಕೇಳಿದೆ. ಟೀಚರ್ ಸ್ವಲ್ಪ ಯೋಚಿಸಿ ಒಂದು ಷರತ್ತು ಹಾಕಿದರು. ಹೊಸ ಪದ ಬಂದ ಕಡೆಯಲ್ಲೆಲ್ಲ ಅದು ನಿನ್ನ ಅಜ್ಜಿಗೆ ಅರ್ಥವಾಗುವ ಹಾಗಿರಬೇಕು ಎಂದರು. ಹಾಗಾಗಿ ಮೂರು ಭಾನುವಾರ ತುಮಕೂರಿನ ಅಜ್ಜಿಗೆ ಫೋನ್ ಮಾಡಿ ಈ ಭಾಷಣ ಒಪ್ಪಿಸಿದ್ದೇನೆ. ಅವರು ತಲೆದೂಗಿದ ಭಾಗಗಳು ಮಾತ್ರ ಇಲ್ಲಿ ಉಳಿದಿವೆ.

ಮೀನಿನ ಹೆಸರು ಹೆಲಿಕೊಪ್ರಿಯಾನ್. ಗ್ರೀಕ್ ಭಾಷೆಯಲ್ಲಿ ಹೆಲಿಕ್ಸ್ ಎಂದರೆ ಸುರುಳಿ, ಪ್ರಿಯಾನ್ ಎಂದರೆ ಗರಗಸ. ಅದು ಬದುಕಿದ್ದದ್ದು ಸುಮಾರು 29 ಕೋಟಿ ವರ್ಷಗಳ ಹಿಂದಿನಿಂದ 27 ಕೋಟಿ ವರ್ಷಗಳ ಹಿಂದಿನವರೆಗೆ, ಪರ್ಮಿಯನ್ ಎಂದು ಕರೆಯುವ ಕಾಲದಲ್ಲಿ. ಆಗ ಡೈನೋಸಾರ್‌ಗಳು ಇನ್ನೂ ಹುಟ್ಟಿರಲಿಲ್ಲ.

ಈ ರಟ್ಟನ್ನು ನೋಡಿ. ಇದರ ಅಡ್ಡಳತೆ 23 ಸೆಂಟಿಮೀಟರ್, ನಮ್ಮ ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. ಅಮೆರಿಕದ ಐಡಹೊ ರಾಜ್ಯದಲ್ಲಿ ಸಿಕ್ಕ ಒಂದು ಪಳೆಯುಳಿಕೆಯ ಅಳತೆಗೆ ಸರಿಯಾಗಿ ಕತ್ತರಿಸಿದ್ದೇನೆ. ಹಿಂದಿನ ಸಾಲಿನಿಂದ ನೋಡುವವರಿಗೆ ಇದು ಕಾನೆಲ್‌ಬುಲ್ಲೆಯ ಹಾಗೆ ಕಾಣಬಹುದು. ಹತ್ತಿರ ಬಂದರೆ ಮುಳ್ಳು ಚಕ್ಕುಲಿ. ಆ ಒಂದೊಂದು ಮುಳ್ಳೂ ಒಂದೊಂದು ಹಲ್ಲು. ಪ್ರತಿ ಹಲ್ಲಿನ ಅಂಚಿನಲ್ಲೂ ಬ್ರೆಡ್ ಕೊಯ್ಯುವ ಚಾಕುವಿನ ಹಾಗೆ ಸಣ್ಣ ಸಣ್ಣ ಕಚ್ಚುಗಳಿವೆ. ಈ ಒಂದು ಸುರುಳಿಯಲ್ಲಿ 117 ಹಲ್ಲುಗಳಿವೆ. ಇದಕ್ಕಿಂತ ದೊಡ್ಡ ಸುರುಳಿಗಳೂ ಸಿಕ್ಕಿವೆ, ಅರ್ಧ ಮೀಟರಿಗೂ ಮೀರಿದ್ದು ಇದೆ. ಅಂಥ ಹಲ್ಲಿನ ಯಜಮಾನ ಏಳೆಂಟು ಮೀಟರ್ ಉದ್ದ ಇದ್ದಿರಬಹುದು ಎಂದು ಅಂದಾಜು.

ಈಗ ಸುರುಳಿಯ ನಡುವಿಗೆ ಬೆರಳಿಡುತ್ತೇನೆ. ಇಲ್ಲಿರುವ ಹಲ್ಲುಗಳು ತೀರಾ ಸಣ್ಣವು. ಹೊರಗೆ ಬಂದಂತೆ ದೊಡ್ಡದಾಗುತ್ತವೆ. ನಡುವಿನವು ಈ ಮೀನು ಮರಿಯಾಗಿದ್ದಾಗ ಹುಟ್ಟಿದವು, ಅಂದರೆ ಹಾಲುಹಲ್ಲು. ಹೊರ ತುದಿಯಲ್ಲಿರುವವು ಕೊನೆಯಲ್ಲಿ ಹುಟ್ಟಿದವು. ಹೆಲಿಕೊಪ್ರಿಯಾನ್ ತನ್ನ ಹಲ್ಲುಗಳನ್ನು ಬೀಳಿಸುತ್ತಿರಲಿಲ್ಲ. ಹಿಂದೆ, ಗಂಟಲಿನ ಕಡೆ, ಹೊಸ ಹಲ್ಲು ಹುಟ್ಟಿದ ಹಾಗೆ ಹಳೆಯವು ಮುಂದಕ್ಕೆ ಸರಿದು, ಕೆಳಗೆ ಬಾಗಿ, ದವಡೆಯೊಳಕ್ಕೆ ಸುತ್ತಿಕೊಂಡು ಹೋಗುತ್ತಿದ್ದವು. ಎಲ್ಲ ಹಲ್ಲುಗಳಿಗೂ ಕೂಡುಕುಟುಂಬದ ಹಾಗೆ ಬುಡ ಒಂದೇ. ಬಾಯಲ್ಲಿ ಕೆಲಸ ಮಾಡುತ್ತಿದ್ದದ್ದು ಹೊರಗಿನ ಕೆಲವು ಮಾತ್ರ. ಉಳಿದವೆಲ್ಲ ಒಳಗೆ ಮುಚ್ಚಿಕೊಂಡು, ಆದರೆ ಬಿಡದೆ, ಸಾಯುವ ತನಕ ಜೊತೆಗೇ ಇರುತ್ತಿದ್ದವು.

ಈ ಕಡೆ ಬಂದಾಗ ಅಜ್ಜಿ ಫೋನಿನಲ್ಲಿ ನನ್ನನ್ನು ನಿಲ್ಲಿಸಿದರು. "ಅಷ್ಟೊಂದು ಹಲ್ಲು ಒಳಗೇ ಸುತ್ತಿಕೊಂಡರೆ ಅದಕ್ಕೆ ಚುಚ್ತಾ ಇರ್ಲಿಲ್ವೇನೋ?" ಎಂದು ಕೇಳಿದರು. ನಾನು ಓದಿದ ಲೇಖನಗಳಲ್ಲಿ ಯಾರೂ ಹೀಗೆ ನೇರವಾಗಿ ಕೇಳಿರಲಿಲ್ಲ, ಆದರೆ ಉತ್ತರ ಅವುಗಳಲ್ಲೇ ಇತ್ತು. ಸುರುಳಿಯ ಎರಡೂ ಪಕ್ಕದಲ್ಲಿ ದಿಂಬು ಕೊಟ್ಟ ಹಾಗೆ ಮೃದ್ವಸ್ಥಿ ಇತ್ತು. ಮೃದ್ವಸ್ಥಿ ಎಂದರೆ ನಮ್ಮ ಮೂಗಿನ ತುದಿಯಲ್ಲಿ, ಕಿವಿಯ ಮೇಲ್ಭಾಗದಲ್ಲಿ ಇರುವ ಬಗ್ಗುವ ಎಲುಬಿನಂಥದ್ದು. ಅದು ಸುರುಳಿಯನ್ನು ಆಚೀಚೆ ವಾಲದಂತೆ ಹಿಡಿದುಕೊಂಡಿತ್ತು, ಹಳೆಯ ಹಲ್ಲುಗಳನ್ನು ಮುಚ್ಚಿಯೂ ಇತ್ತು. ಅಜ್ಜಿ "ಹಾಗಾದ್ರೆ ಸರಿ, ಮುಂದೆ ಹೇಳು" ಎಂದರು.

ಹಲ್ಲು ಬೀಳುವುದು ಎಷ್ಟು ಹಳೆಯ ವ್ಯವಹಾರ ಎಂದು ನಾವು ಯೋಚಿಸುವುದಿಲ್ಲ. ಅಮ್ಮ ಚಿಕ್ಕವರಿದ್ದಾಗ ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದಿದ್ದರಂತೆ. ನಾನು ಇಲ್ಲಿಯ ಪದ್ಧತಿಯಂತೆ ನೀರಿನ ಲೋಟದಲ್ಲಿ ಹಾಕಿಟ್ಟು ಮಲಗಿದೆ, ಬೆಳಿಗ್ಗೆ ಲೋಟದಲ್ಲಿ ನಾಣ್ಯ ಇತ್ತು. ನಮ್ಮ ಹಲ್ಲು ಬೀಳುವ ಕ್ರಮ ಹೀಗೆ: ಕೆಳಗಿನಿಂದ ಹೊಸ ಹಲ್ಲು ಬರುವ ಮೊದಲು ಹಾಲುಹಲ್ಲಿನ ಬುಡವನ್ನು ದೇಹವೇ ಕರಗಿಸುತ್ತದೆ. ಆಗ ಅದು ಅಲ್ಲಾಡುತ್ತದೆ, ಉದುರುತ್ತದೆ. ಹೀಗೆ ಬುಡ ಕರಗಿಸಿ ಹಲ್ಲು ಬದಲಿಸಿದ ಅತಿ ಹಳೆಯ ಗುರುತು ಸಿಕ್ಕಿದ್ದು ಬೇರೆಲ್ಲೂ ಅಲ್ಲ, ನಮ್ಮ ಗೋಟ್‌ಲ್ಯಾಂಡ್ ದ್ವೀಪದಲ್ಲಿ. ಆಂಡ್ರಿಯೊಲೆಪಿಸ್ ಎಂಬ ಪುಟ್ಟ ಮೀನಿನ ದವಡೆ, 42 ಕೋಟಿ ವರ್ಷಗಳಿಗೂ ಹಳೆಯದು. ಉಪ್ಸಾಲ ವಿಶ್ವವಿದ್ಯಾಲಯದವರು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ದೊಡ್ಡ ಎಕ್ಸ್-ರೇ ಯಂತ್ರದಲ್ಲಿ ಅದನ್ನು ನೋಡಿ 2016ರಲ್ಲಿ ಪ್ರಕಟಿಸಿದರು. ಹಲ್ಲು ಹುಟ್ಟಿ, ಕರಗಿ, ಬಿದ್ದು, ಮತ್ತೆ ಹುಟ್ಟಿದ ಗುರುತುಗಳು ಒಂದರ ಮೇಲೊಂದು ಇಟ್ಟ ಬಟ್ಟಲುಗಳ ಹಾಗೆ ಆ ದವಡೆಯೊಳಗೆ ಉಳಿದಿದ್ದವು. ಈಗಿನ ಶಾರ್ಕ್‌ಗಳು ಬೇರೆ ರೀತಿ. ಅವುಗಳ ಹಲ್ಲು ಸಾಲು ಸಾಲಾಗಿ ಮುಂದಕ್ಕೆ ಬಂದು ಉದುರಿಹೋಗುತ್ತದೆ, ಒಂದು ಶಾರ್ಕ್ ತನ್ನ ಆಯುಸ್ಸಿನಲ್ಲಿ ಸಾವಿರಗಟ್ಟಲೆ ಕಳೆದುಕೊಳ್ಳುತ್ತದೆ. ಹೆಲಿಕೊಪ್ರಿಯಾನ್ ಒಂದನ್ನೂ ಕಳೆದುಕೊಳ್ಳಲಿಲ್ಲ. ಅದಕ್ಕೇ ಅದರ ಬಾಲ್ಯದಿಂದ ಸಾವಿನವರೆಗಿನ ದಾಖಲೆ ಒಂದೇ ಕಲ್ಲಿನಲ್ಲಿ ಸಿಗುತ್ತದೆ.

ಆದರೆ ಸಿಗುವುದು ಅಷ್ಟೇ. ಶಾರ್ಕ್‌ನಂಥ ಮೀನುಗಳ ಮೈಯೆಲ್ಲ ಮೃದ್ವಸ್ಥಿ, ಸತ್ತ ಮೇಲೆ ಅದು ಸಾಮಾನ್ಯವಾಗಿ ಕೊಳೆತುಹೋಗುತ್ತದೆ. ಹಲ್ಲು ಮಾತ್ರ ಗಟ್ಟಿ. ಅಜ್ಜಿಗೆ ನಾನು ಹೀಗೆ ಹೇಳಿದೆ: ತಾತನ ಫೋಟೊ ಇಲ್ಲ, ಬಟ್ಟೆ ಇಲ್ಲ, ತಾತನನ್ನು ನೋಡಿದವರು ಯಾರೂ ಉಳಿದಿಲ್ಲ, ಲೋಟದಲ್ಲಿ ಅವರ ಹಲ್ಲಿನ ಸೆಟ್ಟು ಮಾತ್ರ ಇದೆ. ಮನುಷ್ಯ ಎಂದರೇನು ಎಂದೂ ನಿನಗೆ ಗೊತ್ತಿಲ್ಲ. ಈಗ ತಾತನ ಚಿತ್ರ ಬರಿ. ಅಜ್ಜಿ ಬಹಳ ನಕ್ಕರು. ಬೇಗ ಬೇಗ ಆ ಸೆಟ್ಟನ್ನು ತಲೆಗೆ ಹಾಕುವ ಬಾಚಣಿಗೆ ಎಂದುಕೊಳ್ಳುತ್ತಿದ್ದೆ ಎಂದರು.

ವಿಜ್ಞಾನಿಗಳಿಗೂ ಆದದ್ದು ಅದೇ. 1886ರಲ್ಲಿ ಹೆನ್ರಿ ವುಡ್‌ವರ್ಡ್ ಎಂಬವರು ಪಶ್ಚಿಮ ಆಸ್ಟ್ರೇಲಿಯದ ಗ್ಯಾಸ್ಕೋಯ್ನ್ ಎಂಬಲ್ಲಿಂದ ಬಂದ ಇಂಥ ಒಂದು ಬಾಗಿದ ತುಂಡನ್ನು ವಿವರಿಸಿದರು. ಮೀನಿನ ರೆಕ್ಕೆಯ ಮುಳ್ಳು ಎಂದು ಅದಕ್ಕೆ ಹೆಸರಿಟ್ಟರು. 1899ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕಾರ್ಪಿನ್ಸ್ಕಿ ಅವರಿಗೆ ಉರಲ್ ಬೆಟ್ಟಗಳ ಪಕ್ಕದ ಕ್ರಾಸ್ನೊಉಫಿಮ್ಸ್ಕ್ ಊರಿನ ಕಲ್ಲುಗಣಿಗಳಿಂದ ಪೂರ್ತಿ ಸುರುಳಿಗಳೇ ಸಿಕ್ಕವು. ಹೆಲಿಕೊಪ್ರಿಯಾನ್ ಎಂದು ಹೆಸರಿಟ್ಟವರು ಅವರೇ. ಇವು ಹಲ್ಲು ಎಂಬುದನ್ನು ಸರಿಯಾಗಿ ಗುರುತಿಸಿದರು. ಹಲ್ಲು ಬಾಯಲ್ಲಿರಬೇಕು, ಆದರೆ ಇಂಥ ಸುರುಳಿ ಬಾಯೊಳಗೆ ಹೇಗೆ ಹಿಡಿಸುತ್ತದೆ? ಅವರು ಅದನ್ನು ಮೇಲಿನ ದವಡೆಗೆ ಸೇರಿಸಿ, ಮೂತಿಯ ಹೊರಗೆ ಆನೆ ಸೊಂಡಿಲು ಮೇಲೆತ್ತಿ ಸುತ್ತಿದ ಹಾಗೆ ಬರೆದರು. ಆ ಚಿತ್ರ ನೋಡಿದರೆ ಈಗ ನಗು ಬರುತ್ತದೆ. ಆದರೆ ಕಾರ್ಪಿನ್ಸ್ಕಿ ಸಾಮಾನ್ಯರಲ್ಲ. ಮುಂದೆ 1917ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಗೆ ಚುನಾವಣೆಯಿಂದ ಆಯ್ಕೆಯಾದ ಮೊದಲ ಅಧ್ಯಕ್ಷರು ಅವರು.

ಆಮೇಲೆ ಬಂದವರು ಒಬ್ಬೊಬ್ಬರೂ ಒಂದೊಂದು ಕಡೆ ಇಟ್ಟು ನೋಡಿದರು. ಬೆನ್ನಿನ ರೆಕ್ಕೆಯ ಮೇಲೆ ಇಟ್ಟರು, ಬಾಲದ ಮೇಲೆ ಇಟ್ಟರು, ಕೆಳದವಡೆಯ ತುದಿಯಿಂದ ಆಚೆಗೆ ತೂಗಿಬಿಟ್ಟರು. 2008ರ ಸುಮಾರಿಗೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದವರು ಅದನ್ನು ಗಂಟಲಿನೊಳಗೆ ಇಟ್ಟಿದ್ದರು. ಇಷ್ಟರಲ್ಲಿ ನಿಮ್ಮಲ್ಲಿ ಹಲವರಿಗೆ ಕುರುಡರು ಆನೆ ಮುಟ್ಟಿದ ಕಥೆ ನೆನಪಾಗಿರುತ್ತದೆ. ಆ ಕಥೆಯ ಕುರುಡರ ಅದೃಷ್ಟ ದೊಡ್ಡದು. ಅವರ ಮುಂದೆ ಆನೆ ನಿಂತಿತ್ತು, ಇನ್ನೊಂದು ಹೆಜ್ಜೆ ಪಕ್ಕಕ್ಕೆ ಇಟ್ಟಿದ್ದರೆ ಸೊಂಡಿಲೂ ಸಿಗುತ್ತಿತ್ತು. ಇಲ್ಲಿ ಆನೆಯೇ ಇರಲಿಲ್ಲ.

ಹಾಗೆಂದು ನಾನು ಮೊದಲು ನಂಬಿದ್ದೆ. ನಿಜವಾದ ಸಂಗತಿ ಇದಕ್ಕಿಂತ ಕುತೂಹಲಕರ, ನಾನು ಈ ಮೀನನ್ನು ಆರಿಸಿಕೊಂಡದ್ದೂ ಅದಕ್ಕಾಗಿಯೇ.

ಐಡಹೊ ರಾಜ್ಯದ ಆಗ್ನೇಯ ಮೂಲೆಯಲ್ಲಿ ಫಾಸ್ಫೇಟ್ ಗಣಿಗಳಿವೆ. ಹೊಲಕ್ಕೆ ಹಾಕುವ ಗೊಬ್ಬರ ಅದರಿಂದ ಬರುತ್ತದೆ. ಪರ್ಮಿಯನ್ ಕಾಲದಲ್ಲಿ ಅಲ್ಲಿ ಸಮುದ್ರ ಇತ್ತು. ಆಳದಿಂದ ಮೇಲೇಳುವ ತಣ್ಣೀರಿನಲ್ಲಿ ಪೋಷಕಾಂಶ ತುಂಬಿತ್ತು, ಹಾಗಾಗಿ ಮೀನುಗಳಿಗೆ ಊಟಕ್ಕೆ ಕೊರತೆ ಇರಲಿಲ್ಲ. ಗಣಿಯಲ್ಲಿ ಕಲ್ಲು ಒಡೆಯುವಾಗ ಆಗಾಗ ಹಲ್ಲಿನ ಸುರುಳಿಗಳು ಹೊರಬೀಳುತ್ತಿದ್ದವು. 1950ರ ಸುಮಾರಿಗೆ ಸಿಕ್ಕ ಒಂದು ಕಲ್ಲು ಉಳಿದವುಗಳಂತೆ ಇರಲಿಲ್ಲ. ಅದರಲ್ಲಿ ಸುರುಳಿಯ ಸುತ್ತ ದವಡೆಯ ಮೃದ್ವಸ್ಥಿಯೂ ಉಳಿದುಕೊಂಡಿತ್ತು. ನನ್ನ ಕೈಯಲ್ಲಿರುವ ರಟ್ಟು ಅದೇ ಕಲ್ಲಿನ ಅಳತೆಯದು.

1966ರಲ್ಲಿ ಡೆನ್ಮಾರ್ಕಿನ ಸ್ವೆಂಡ್ ಎರಿಕ್ ಬೆಂಡಿಕ್ಸ್-ಆಲ್ಮ್‌ಗ್ರೇನ್ ಆ ಕಲ್ಲನ್ನು ಪರೀಕ್ಷಿಸಿದರು. ಸುರುಳಿ ಇರುವುದು ಕೆಳದವಡೆಯಲ್ಲಿ, ಎಡ ಬಲ ದವಡೆಗಳು ಸೇರುವ ನಡುಗೆರೆಯ ಮೇಲೆ ಎಂದು ಬರೆದರು. ಅದು ಸರಿಯಾದ ಉತ್ತರ. ಆದರೆ ಕಲ್ಲಿನೊಳಗೆ ಅವರ ಕಣ್ಣು ಹೋಗುವಂತಿರಲಿಲ್ಲ. ಮೇಲೆ ಕಾಣುವಷ್ಟನ್ನು, ಅದೂ ಒತ್ತಡಕ್ಕೆ ಸಿಕ್ಕಿ ಜರುಗಿದ್ದನ್ನು, ನೋಡಿ ಹೇಳಬೇಕಿತ್ತು. ಅದಾದ ಮೇಲೂ ನಲವತ್ತು ವರ್ಷ ಜನ ಬೇರೆ ಬೇರೆ ಚಿತ್ರ ಬರೆಯುತ್ತಲೇ ಇದ್ದರು. ಸರಿಯಾದ ಉತ್ತರ ಅಚ್ಚಾಗಿತ್ತು, ಅದಕ್ಕೆ ಆಧಾರವಾದ ಕಲ್ಲು ವಸ್ತುಸಂಗ್ರಹಾಲಯದಲ್ಲಿತ್ತು, ಆದರೂ ಪ್ರಶ್ನೆ ಮುಗಿದಿರಲಿಲ್ಲ.

ಅದನ್ನು ಮತ್ತೆ ಎತ್ತಿಕೊಂಡವರಲ್ಲಿ ಒಬ್ಬರು ವಿಜ್ಞಾನಿಯೇ ಅಲ್ಲ. ಅಲಾಸ್ಕದ ಚಿತ್ರಕಾರ ರೇ ಟ್ರೋಲ್. ಈ ಸುರುಳಿಯ ಹುಚ್ಚು ಹಿಡಿದು ವರ್ಷಗಟ್ಟಲೆ ಅದರ ಚಿತ್ರ ಬರೆದರು, ಗೊತ್ತಿದ್ದವರನ್ನೆಲ್ಲ ಹುಡುಕಿ ಕೇಳಿದರು. ಇನ್ನೊಬ್ಬರು ಜೆಸ್ಸಿ ಪ್ರೂಯಿಟ್, ಐಡಹೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆಗಿನ್ನೂ ಪದವಿ ಓದುತ್ತಿದ್ದ ವಿದ್ಯಾರ್ಥಿ. ತಮ್ಮ ವಿಶ್ವವಿದ್ಯಾಲಯದ ಸಂಗ್ರಹದಲ್ಲೇ ಇದ್ದ ಸುರುಳಿಗಳನ್ನು ನೋಡಿ ಇದೇನು, ಇದು ಎಲ್ಲಿ ಕೂರುತ್ತದೆ ಎಂದು ಕೇಳತೊಡಗಿದರು. ಅಲ್ಲಿಯ ಪ್ರೊಫೆಸರ್ ಲೀಫ್ ಟಪನಿಲ ಮತ್ತು ಅವರ ತಂಡ ಆ ಹಳೆಯ ಕಲ್ಲನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿತು. ಆಸ್ಪತ್ರೆಯಲ್ಲಿ ಮಾಡುವುದೂ ಅದೇ. ಎಲ್ಲ ದಿಕ್ಕಿನಿಂದ ಎಕ್ಸ್-ರೇ ತೆಗೆದು, ಕಂಪ್ಯೂಟರ್‌ನಲ್ಲಿ ಜೋಡಿಸಿ, ಕಲ್ಲು ಒಡೆಯದೆ ಒಳಗಿನದ್ದನ್ನು ನೋಡುವುದು.

ಇಲ್ಲಿ ಒಂದು ಮಾತು ನಡುವೆ ಸೇರಿಸಬೇಕು, ಸ್ವೀಡನ್ನಿನ ಮಾತು. ಸ್ಟಾಕ್‌ಹೋಮಿನ ರಾಷ್ಟ್ರೀಯ ನಿಸರ್ಗ ಚರಿತ್ರೆ ವಸ್ತುಸಂಗ್ರಹಾಲಯದಲ್ಲಿ ಎರಿಕ್ ಸ್ಟೆನ್ಶ್ಯೊ ಎಂಬ ದೊಡ್ಡ ವಿಜ್ಞಾನಿ ಇದ್ದರು. 1912ರಿಂದಲೇ ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್‌ಗೆ ಹೋಗಿ ಮೀನಿನ ಪಳೆಯುಳಿಕೆ ತಂದವರು. ಎಕ್ಸ್-ರೇ ಸ್ಕ್ಯಾನ್ ಇಲ್ಲದ ಆ ದಿನಗಳಲ್ಲಿ ಕಲ್ಲಿನೊಳಗಿನ ತಲೆಬುರುಡೆ ನೋಡಬೇಕೆಂದರೆ ಕಲ್ಲನ್ನು ಎಳೆ ಎಳೆಯಾಗಿ ಉಜ್ಜಿ ಸವೆಸುತ್ತಿದ್ದರು. ಒಂದು ಪದರ ಉಜ್ಜುವುದು, ಕಂಡದ್ದನ್ನು ಬರೆದುಕೊಳ್ಳುವುದು, ಮತ್ತೆ ಉಜ್ಜುವುದು. ಆ ಚಿತ್ರಗಳಂತೆ ಮೇಣದ ಹಾಳೆಗಳನ್ನು ಕತ್ತರಿಸಿ ಜೋಡಿಸಿದರೆ ಮೀನಿನ ತಲೆ ಎದ್ದು ನಿಲ್ಲುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನಿಜವಾದ ಪಳೆಯುಳಿಕೆ ಪುಡಿಯಾಗಿ ಹೋಗಿರುತ್ತಿತ್ತು. ಐಡಹೊದ ಕಲ್ಲನ್ನು ಯಾರೂ ಹಾಗೆ ಉಜ್ಜಲಿಲ್ಲವಲ್ಲ ಎಂದು ನನಗೆ ಸಮಾಧಾನ.

2013ರಲ್ಲಿ ಸ್ಕ್ಯಾನಿನ ಫಲಿತಾಂಶ ಪ್ರಕಟವಾಯಿತು. ಸುರುಳಿ ಕೆಳದವಡೆಯ ತುದಿಯಲ್ಲಿ ಅಂಟಿಕೊಂಡಿರಲಿಲ್ಲ. ಅದು ಕೆಳದವಡೆಯ ಪೂರ್ತಿ ಉದ್ದವನ್ನೂ ತುಂಬಿಕೊಂಡಿತ್ತು. ಬಾಯಿ ತೆರೆದರೆ ಕೆಳಗೆ ನಡುವಿನಲ್ಲಿ ನಿಂತ ಒಂದೇ ಗರಗಸ, ಅಷ್ಟೇ. ನಮ್ಮ ಹಾಗೆ ಎಡಕ್ಕೊಂದು ಬಲಕ್ಕೊಂದು ಸಾಲು ಇಲ್ಲ, ಮೇಲಿನ ದವಡೆಯಲ್ಲಿ ಇದಕ್ಕೆ ಜೋಡಿಯಾದ ಗರಗಸವೂ ಇಲ್ಲ.

ಹಾಗಾದರೆ ತಿನ್ನುವುದು ಹೇಗೆ? ಈ ಪ್ರಶ್ನೆಗೆ ನನ್ನ ತರಗತಿಯ ಸ್ವೀಡಿಷ್ ಗೆಳೆಯರಿಗೆ ವಿವರಿಸಲು ಬಹಳ ಕಷ್ಟಪಟ್ಟೆ. ಅಜ್ಜಿಗೆ ಒಂದೇ ಮಾತು ಸಾಕಾಯಿತು: ಈಳಿಗೆ ಮಣೆ. ಇಲ್ಲಿರುವ ಚಿಕ್ಕ ಮಕ್ಕಳು ನೋಡಿರಲಿಕ್ಕಿಲ್ಲ, ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ತರಕಾರಿ ಹೆಚ್ಚುವ ಸಾಧನ. ಮರದ ಮಣೆ, ಅದರ ಮೇಲೆ ನೆಟ್ಟಗೆ ನಿಂತ ಒಂದೇ ಬಾಗಿದ ಅಲಗು. ಅಲಗು ಅಲುಗುವುದಿಲ್ಲ. ಬದನೆಕಾಯನ್ನು ಎರಡು ಕೈಯಲ್ಲಿ ಹಿಡಿದು ಅದಕ್ಕೆ ಒತ್ತಿದರೆ ಎರಡು ಹೋಳು. ಕೆಲವು ಮಣೆಗಳಲ್ಲಿ ಅಲಗಿನ ತುದಿಗೆ ಕಾಯಿ ತುರಿಯಲು ಹಲ್ಲಿನ ಬಿಲ್ಲೆಯೂ ಇರುತ್ತದೆ. ಹೆಲಿಕೊಪ್ರಿಯಾನ್ ಬಾಯೊಳಗೆ ಇದ್ದದ್ದು ಹೆಚ್ಚು ಕಡಿಮೆ ಅದೇ, ಎರಡು ಕೈಗಳ ಜಾಗದಲ್ಲಿ ಮೇಲ್ದವಡೆ.

ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನೂ ಹೇಳಬೇಕು. ಈಳಿಗೆ ನಿಂತಿರುತ್ತದೆ, ಮೀನಿನ ದವಡೆ ಚಲಿಸುತ್ತದೆ. ಬಾಯಿ ಮುಚ್ಚುವಾಗ ಹಲ್ಲುಗಳು ಮೇಲಕ್ಕೆ ಬರುವುದರ ಜೊತೆಗೆ ಹಿಂದಕ್ಕೂ ತಿರುಗುತ್ತಿದ್ದವು. ಅದೇ ತಂಡದವರು 2015ರಲ್ಲಿ ದವಡೆಯ ಚಲನೆಯನ್ನು ಲೆಕ್ಕ ಹಾಕಿ ತೋರಿಸಿದರು. ಮುಂದಿನ ಹಲ್ಲುಗಳು ಬೇಟೆಯನ್ನು ಸಿಕ್ಕಿಸಿ ಒಳಕ್ಕೆ ಎಳೆಯುತ್ತಿದ್ದವು, ನಡುವಿನವು ಚುಚ್ಚಿ ಕೊಯ್ಯುತ್ತಿದ್ದವು, ಹಿಂದಿನವು ಕೊಯ್ದದ್ದನ್ನು ಗಂಟಲಿಗೆ ತಳ್ಳುತ್ತಿದ್ದವು. ಒಂದೇ ಸಲ ಬಾಯಿ ಮುಚ್ಚುವುದರಲ್ಲಿ ಮೂರು ಕೆಲಸ. ಹಲ್ಲುಗಳು ಅಷ್ಟಾಗಿ ಸವೆದಿಲ್ಲ, ಮುರಿದಿಲ್ಲ. ಹಾಗಾಗಿ ಗಟ್ಟಿ ಚಿಪ್ಪು ಒಡೆಯುವ ಪ್ರಾಣಿ ಇದಲ್ಲ, ಕಣವೆ ಮೀನಿನಂಥ ಮೆತ್ತಗಿನವನ್ನು ತಿನ್ನುತ್ತಿತ್ತು ಎಂದು ಅವರ ತೀರ್ಮಾನ. ಚಿಪ್ಪಿನೊಳಗಿರುವ ಬೇಟೆಯಾದರೆ, ಚಿಪ್ಪು ಒಡೆಯದೆ ಮಾಂಸವನ್ನು ಮಾತ್ರ ಹೊರಗೆಳೆದಿರಬಹುದು.

ಇನ್ನೊಂದು ಸಂಗತಿಯೂ ಗೊತ್ತಾಯಿತು. ಅಲ್ಲಿಯವರೆಗೆ ಹೆಲಿಕೊಪ್ರಿಯಾನ್‌ನಲ್ಲಿ ಹತ್ತರಷ್ಟು ಜಾತಿಗಳಿಗೆ ಹೆಸರಿಟ್ಟಿದ್ದರು. ಟಪನಿಲ ಮತ್ತು ಪ್ರೂಯಿಟ್ ಎಲ್ಲ ಸುರುಳಿಗಳನ್ನು ಒಟ್ಟಿಗೆ ಇಟ್ಟು ಅಳೆದಾಗ ಉಳಿದದ್ದು ಮೂರು. ಮರಿಯ ಹಲ್ಲಿಗೂ ದೊಡ್ಡದರ ಹಲ್ಲಿಗೂ ಆಕಾರ ಬೇರೆ ಇರುವುದರಿಂದ, ಒಂದೇ ಜಾತಿಯ ಬೇರೆ ಬೇರೆ ವಯಸ್ಸಿನ ತುಂಡುಗಳಿಗೆ ಬೇರೆ ಬೇರೆ ಹೆಸರು ಬಿದ್ದಿತ್ತು.

ಇದು ಶಾರ್ಕ್ ಎಂದು ಎಲ್ಲರೂ ಹೇಳುತ್ತಾರೆ, ಚಿತ್ರಗಳಲ್ಲೂ ಶಾರ್ಕ್‌ನ ಹಾಗೇ ಬರೆಯುತ್ತಾರೆ. ಆದರೆ ದವಡೆ ತಲೆಬುರುಡೆಗೆ ಸೇರುವ ರೀತಿಯನ್ನು ಸ್ಕ್ಯಾನ್‌ನಲ್ಲಿ ನೋಡಿದ ಮೇಲೆ ಇದರ ಹತ್ತಿರದ ನೆಂಟರು ಕೈಮೀರಾ ಎಂಬ ಮೀನುಗಳು ಎಂದು ಖಚಿತವಾಯಿತು. ಸ್ವೀಡನ್ನಿನ ಪಶ್ಚಿಮ ಕರಾವಳಿಯ ಆಳದ ನೀರಿನಲ್ಲಿ ಅದು ಇದೆ, ಇಲ್ಲಿಯವರು ಹಾವ್ಸ್‌ಮೂಸ್ ಎನ್ನುತ್ತಾರೆ, ಅಂದರೆ ಸಮುದ್ರದ ಇಲಿ. ನಮ್ಮ ಲಿನೇಯಸ್ 1758ರಲ್ಲಿ ಅದಕ್ಕೆ ಕೈಮೀರಾ ಮಾನ್‌ಸ್ಟ್ರೋಸ ಎಂದು ಹೆಸರಿಟ್ಟ. ದೊಡ್ಡ ಕಣ್ಣು, ಇಲಿಯ ಬಾಲದಂಥ ಬಾಲ, ಹಲ್ಲಿನ ಬದಲು ಬಾಯಲ್ಲಿ ಕೆಲವು ಗಟ್ಟಿ ಬಿಲ್ಲೆಗಳು. ಅಷ್ಟೇನೂ ಭಯಂಕರವಲ್ಲ. ಪರ್ಮಿಯನ್ ಸಮುದ್ರದಲ್ಲಿ ದೊಡ್ಡ ಬೇಟೆಗಾರನ ಸ್ಥಾನ ಈ ಬಳಗದ್ದಾಗಿತ್ತು, ಈಗ ಆ ಜಾಗ ಶಾರ್ಕ್‌ಗಳದು, ಕೈಮೀರಾಗಳು ಆಳಕ್ಕೆ ಸರಿದುಕೊಂಡಿವೆ.

ಉಮೆಯೊದಲ್ಲಿ ನಾವು ಹುಡುಕಿದರೆ ಸಿಗುತ್ತದೆಯೇ ಎಂದು ನನ್ನ ತಮ್ಮ ಕೇಳಿದ. ಸಿಗುವುದಿಲ್ಲ. ನಮ್ಮ ಕಾಲ ಕೆಳಗಿರುವ ಬಂಡೆ ಸುಮಾರು 190 ಕೋಟಿ ವರ್ಷ ಹಳೆಯದು. ಆಗ ಮೀನಿರಲಿ, ಬಾಯಿ ಇರುವ ಪ್ರಾಣಿಯೇ ಇರಲಿಲ್ಲ. ಅಜ್ಜಿ ಮನೆ ಹಿತ್ತಲಿನಲ್ಲಿ ಅಗೆದರೆ? ಅಲ್ಲೂ ಇಲ್ಲ. ಬೆಂಗಳೂರಿನ ಲಾಲ್‌ಬಾಗ್‌ನ ಬಂಡೆ ನೀವೆಲ್ಲ ಹತ್ತಿದ್ದೀರಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ 1916ರಲ್ಲಿ ಪೆನಿನ್ಸುಲಾರ್ ನೈಸ್ ಎಂದು ಹೆಸರಿಟ್ಟ ಆ ಕಲ್ಲು ಸುಮಾರು 300 ಕೋಟಿ ವರ್ಷದ್ದು. ನಮ್ಮ ಎರಡೂ ಊರುಗಳು ಹಲ್ಲು ಹುಟ್ಟುವುದಕ್ಕಿಂತ ಬಹಳ ಮೊದಲೇ ಗಟ್ಟಿಯಾದ ನೆಲದ ಮೇಲೆ ಕೂತಿವೆ. ಹೆಲಿಕೊಪ್ರಿಯಾನ್ ಸಿಕ್ಕ ಜಾಗಗಳಲ್ಲಿ ನಮಗೆ ಹತ್ತಿರದ್ದು ಸ್ಪಿಟ್ಸ್‌ಬರ್ಗನ್.

ಆದರೆ ಆ ಕಾಲದ ನಕ್ಷೆ ನೋಡಿದರೆ ಅಪ್ಪನಿಗೆ ಖುಷಿಯಾಗುತ್ತದೆ. ಪ್ರತಿ ನವೆಂಬರ್‌ನಲ್ಲಿ ಅವರು ಯಾಕೆ ಈ ಚಳಿಗೆ ಬಂದೆವೋ ಎನ್ನುತ್ತಾರೆ. ಪರ್ಮಿಯನ್ ಕಾಲದ ಆರಂಭದಲ್ಲಿ ಸ್ವೀಡನ್ ಸಮಭಾಜಕ ವೃತ್ತಕ್ಕೆ ಈಗಿಗಿಂತ ಬಹಳ ಹತ್ತಿರ ಇತ್ತು, ಬಿಸಿಯಾದ ಒಣ ಪ್ರದೇಶ. ಭಾರತ ಗೊಂಡ್ವಾನ ಎಂಬ ದೊಡ್ಡ ಖಂಡದ ಭಾಗವಾಗಿ ದೂರ ದಕ್ಷಿಣದಲ್ಲಿತ್ತು, ಅಲ್ಲಿ ಹಿಮನದಿಗಳು ಹರಿಯುತ್ತಿದ್ದವು. ಆ ಹಿಮ ತಳ್ಳಿ ತಂದ ಗುಂಡುಕಲ್ಲುಗಳು ಒಡಿಶಾದ ತಾಲ್ಚೇರ್‌ನಲ್ಲಿ ಈಗಲೂ ಇವೆ. ಆಗ ಹುಟ್ಟಿದ್ದರೆ ಸ್ವೆಟರ್ ಹಾಕಿಕೊಳ್ಳಬೇಕಾದವರು ತುಮಕೂರಿನವರು.

ಈ ಮೀನಿನ ಬಗ್ಗೆ ಯಾರಿಗೆ ಹೇಳಿದರೂ ಮೊದಲು ಬರುವ ಮಾತು "ವಿಚಿತ್ರ". ಕೆಲವರು ಪ್ರಕೃತಿಯ ತಪ್ಪು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ರಷ್ಯಾ, ಕಜಾಕಸ್ತಾನ, ಚೀನಾ, ಜಪಾನ್, ಆಸ್ಟ್ರೇಲಿಯ, ಕೆನಡಾ, ಅಮೆರಿಕ, ಮೆಕ್ಸಿಕೊ, ಸ್ಪಿಟ್ಸ್‌ಬರ್ಗನ್, ಇಷ್ಟು ಕಡೆ ಇದರ ಹಲ್ಲು ಸಿಕ್ಕಿದೆ. ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬದುಕಿದೆ. ನಾವು ಮನುಷ್ಯರು ಬಂದು ಮೂರು ಲಕ್ಷ ವರ್ಷ ಆಯಿತು. ಅದರ ದೂರದ ನೆಂಟ ಎಡೆಸ್ಟಸ್ ಎಂಬ ಇನ್ನೂ ಹಳೆಯ ಮೀನಿನಲ್ಲಿ ಇಂಥ ಬಾಗಿದ ಅಲಗು ಮೇಲೊಂದು ಕೆಳಗೊಂದು ಇತ್ತು, ಕತ್ತರಿಯ ಹಾಗೆ. ಅಷ್ಟೇ ಅಲ್ಲ, ಚೀನಾದ ಗುಯಿಝೌ ಪ್ರಾಂತ್ಯದಲ್ಲಿ ಸಿಕ್ಕಿ 2022ರಲ್ಲಿ ಪ್ರಕಟವಾದ, ಸುಮಾರು 44 ಕೋಟಿ ವರ್ಷ ಹಳೆಯ ಹಲ್ಲುಗಳಿವೆ. ದವಡೆ ಇರುವ ಪ್ರಾಣಿಗಳ ಹಲ್ಲುಗಳಲ್ಲಿ ಅತಿ ಹಳೆಯವು ಅವು ಎಂದು ಆಗ ಹೇಳಿದರು. ಕೆಲವೇ ಮಿಲಿಮೀಟರ್ ಗಾತ್ರ. ಅವುಗಳ ಜೋಡಣೆ? ಸುರುಳಿ. ಅಂದರೆ ಹಲ್ಲನ್ನು ಸುರುಳಿಯಲ್ಲಿ ಜೋಡಿಸುವುದು ಹಳೆಯ ಕ್ರಮ. ಎರಡು ಸಲ ಹಲ್ಲು ಬಂದು ಆಮೇಲೆ ಜೀವಮಾನವಿಡೀ ಡೆಂಟಿಸ್ಟ್‌ಗೆ ಹಣ ಕಟ್ಟುವ ನಮ್ಮದನ್ನು ಏನೆನ್ನಬೇಕೋ.

ಇಲ್ಲಿ ಕೂತಿರುವ ಅಂಕಲ್ ಆಂಟಿಯರು ಊಟದ ಹೊತ್ತಿಗೆ ನನ್ನನ್ನು ಏನು ಕೇಳುತ್ತಾರೆ ಎಂದು ನನಗೆ ಗೊತ್ತು. ಇದರಲ್ಲಿ ಮುಂದೆ ಕೆಲಸ ಸಿಗುತ್ತದೆಯಾ? ಮನೆಯಲ್ಲೂ ಈ ಮಾತು ಆಗಿದೆ, ಎರಡು ಸಲ ಸ್ವಲ್ಪ ಜೋರಾಗಿಯೇ ಆಗಿದೆ. ನಾನು ಪಳೆಯುಳಿಕೆಗಳ ಬಗ್ಗೆಯೇ ಓದಬೇಕು ಎಂದಿದ್ದೇನೆ. ಅಮ್ಮ ಡೆಂಟಿಸ್ಟ್ ಆಗು, ನಮ್ಮ ಊರಿನ ವಿಶ್ವವಿದ್ಯಾಲಯದಲ್ಲೇ ಕಲಿಸುತ್ತಾರೆ, ಹಲ್ಲೂ ಸಿಕ್ಕಿತು ಸಂಬಳವೂ ಸಿಕ್ಕಿತು ಎನ್ನುತ್ತಾರೆ. ಅದು ತಮಾಷೆಯೂ ಹೌದು, ಅಲ್ಲವೂ ಹೌದು. ಈ ಕೆಲಸಗಳು ಕಡಿಮೆ ಎಂಬುದು ನಿಜ, ನಾನು ಅದನ್ನು ಮುಚ್ಚಿಡುವುದಿಲ್ಲ. ಆದರೆ ಅರುವತ್ತು ವರ್ಷ ಕಾಯುತ್ತಿದ್ದ ಆ ಕಲ್ಲನ್ನು ಮತ್ತೆ ನೋಡೋಣ ಎಂದವರಲ್ಲಿ ಒಬ್ಬರು ಇನ್ನೂ ಓದುತ್ತಿದ್ದ ವಿದ್ಯಾರ್ಥಿ, ಇನ್ನೊಬ್ಬರು ಚಿತ್ರಕಾರ. ಅವರ ಕೈಗೆ ಹೊಸ ಕಲ್ಲೇನೂ ಸಿಕ್ಕಿರಲಿಲ್ಲ. ಇದ್ದದ್ದನ್ನೇ ಸರಿಯಾಗಿ ನೋಡಿದರು. ಆ ಕೆಲಸ ನನಗೆ ಬೇಕು. ಅಪ್ಪ ಅಮ್ಮ, ಇದನ್ನು ನಾನು ಇಂಗ್ಲಿಷ್‌ನಲ್ಲಿ, ಸ್ವೀಡಿಷ್‌ನಲ್ಲಿ ಹೇಳಿದಾಗ ನಮ್ಮಿಬ್ಬರಿಗೂ ಬೇಗ ಕೋಪ ಬಂದಿತ್ತು. ಅದಕ್ಕೇ ಇವತ್ತು ಎಲ್ಲರ ಮುಂದೆ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಹೆಲಿಕೊಪ್ರಿಯಾನ್‌ನ ಕಥೆಯಲ್ಲಿ ಒಂದು ಭಾಗ ಇನ್ನೂ ಖಾಲಿ ಇದೆ. ದವಡೆ ಸಿಕ್ಕಿದೆ, ಆದರೆ ಅದರ ಹಿಂದಿನ ಮೈ ಈವರೆಗೆ ಒಂದೂ ಸಿಕ್ಕಿಲ್ಲ. ರೆಕ್ಕೆ, ಬಾಲ, ಬೆನ್ನು ಯಾವುದೂ ಇಲ್ಲ. ಈಗ ನಾವು ನೋಡುವ ಚಿತ್ರಗಳಲ್ಲಿ ದವಡೆಯಿಂದ ಹಿಂದಕ್ಕೆ ಇರುವುದೆಲ್ಲ ಅದರ ನೆಂಟರ ಮೈ ನೋಡಿ ಬರೆದದ್ದು. ನನ್ನ ಹಿಂದೆ ಗೋಡೆಯ ಮೇಲಿರುವ ಚಿತ್ರದಲ್ಲೂ ಅಷ್ಟೇ. ದವಡೆಯವರೆಗೆ ಕಪ್ಪು ಗೆರೆ ಹಾಕಿದ್ದೇನೆ, ಅಲ್ಲಿಂದ ಬಾಲದವರೆಗೆ ಪೆನ್ಸಿಲ್ ಗೆರೆ.

ರಟ್ಟಿನ ಸುರುಳಿಯನ್ನು ಊಟದ ಮೇಜಿನ ಪಕ್ಕದಲ್ಲಿ ಇಟ್ಟಿರುತ್ತೇನೆ. ಚಿಕ್ಕವರು ಮುಟ್ಟಬಹುದು, 117 ಇದೆಯೇ ಎಂದು ಎಣಿಸಬಹುದು, ಆದರೆ ಕನ್ನಡದಲ್ಲೇ ಎಣಿಸಬೇಕು ಎಂದು ಟೀಚರ್ ಹೇಳಿದ್ದಾರೆ.